ಮತ್ತೊಬ್ಬರ ನೆರವಿಲ್ಲದೆ ಎಬ್ಬಿಸತಕ್ಕದ್ದು

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಪಿಟೀಲು,

ಕ್ಷೇಮವಾಗಿದ್ದೀಯಾ ಅಂತ ಕೇಳೋದೇನು ಬಂತು, ಮೂರು ಪತ್ರದಲ್ಲೂ ನೀನೇ ಎಲ್ಲ ಬರೆದುಬಿಟ್ಟಿದ್ದೀಯ. ಬೆನ್ನುನೋವು ಕಡಿಮೆ, ಗಂಡನ ಗೊರಕೆ ಜಾಸ್ತಿ, ಮಗಳು ಪುಸ್ತಕ ಮುಟ್ಟಲ್ಲ. ಇಲ್ಲೂ ಎಲ್ಲ ಚೆನ್ನಾಗಿದ್ದೀವಿ. ನಿಮ್ಮ ಭಾವ ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡ್ತಾರೆ. "ಗ್ಯಾಸು ಮುಗೀತು." "ಕೊಡೆ ಎಲ್ಲಿ?" ಇಷ್ಟೇ. ಮೂರು ಪತ್ರಕ್ಕೂ ಉತ್ತರ ಬರೆಯದೆ ಕೂತೆ ಅಂತ ಬೈಕೋಬೇಡ. ಬೈಕೊಂಡರೂ ನನಗೇನು, ನೀನು ಬೈಯೋದು ಅಂದ್ರೆ ಅಳೋದು ತಾನೇ? ತೊಟ್ಟಿಲಲ್ಲಿದ್ದಾಗಿನಿಂದ ಕುಯ್ದೂ ಕುಯ್ದೂ ತಾನೇ ಈ ಹೆಸರು ಸಂಪಾದಿಸಿದ್ದು.

ಇದನ್ನ ನಿನ್ನ ಕನ್ನಡಕದ ಅಂಗಡಿ ವಿಳಾಸಕ್ಕೆ ಹಾಕ್ತಿದ್ದೀನಿ, ಮನೆಗಲ್ಲ. ಫೋನಿನಲ್ಲಿ ಹೇಳೋಣ ಅಂದ್ರೆ ನಿನ್ನ ಫೋನು ಹುಟ್ಟಿದ್ದೇ ಸ್ಪೀಕರಿನಲ್ಲಿ. ನಾನು ಕೆಮ್ಮಿದರೂ ನಿಮ್ಮನೆ ಅಡುಗೆಮನೆಯವರೆಗೂ ಕೇಳುತ್ತೆ, ಪಕ್ಕದಲ್ಲೇ ಅಮ್ಮ ಕೂತಿರ್ತಾಳೆ. ಅಂಗಡೀಲೇ ಓದು, ಅಲ್ಲೇ ಹರಿದು ಹಾಕು.

ನೀನು ಕೇಳಿದ್ದು ಎರಡು. ಒಂದು, ಆರು ವರ್ಷ ನನ್ನ ಮನೇಲಿದ್ದ ಅಮ್ಮ ಇದ್ದಕ್ಕಿದ್ದ ಹಾಗೆ ಒಂದು ಪೆಟ್ಟಿಗೆ ಹಿಡ್ಕೊಂಡು ನಿನ್ನ ಬಾಗಿಲಿಗೆ ಯಾಕೆ ಬಂದಳು? ಎರಡು, "ಅಕ್ಕಾ, ಒಂದೇ ಒಂದು ಸಲ ಫೋನ್ ಮಾಡು. ಅವಳು ಬಾಯಿಬಿಟ್ಟು ಹೇಳಲ್ಲ. ಆದರೆ ಫೋನು ಬಡ್ಕೊಂಡಾಗಲೆಲ್ಲ ನನ್ನ ಮುಖ ನೋಡ್ತಾಳೆ. ನೀನು ಬಾ ಅಂದ್ರೆ ನಾಳೇನೇ ಹೊರಡ್ತಾಳೆ." ಮೂರನೇ ಪತ್ರದಲ್ಲಿ ಈ ಸಾಲಿನ ಕೆಳಗೆ ಗೆರೆ ಬೇರೆ ಎಳೆದಿದ್ದೀಯ. ಎರಡನೇದಕ್ಕೆ ಈಗಲೇ ಉತ್ತರ ಹೇಳಿಬಿಡ್ತೀನಿ. ನಾನು ಫೋನ್ ಮಾಡಲ್ಲ. ಮೊದಲನೇದು ಸ್ವಲ್ಪ ಉದ್ದ ಇದೆ, ಗಿರಾಕಿ ಇಲ್ಲದ ಹೊತ್ತು ನೋಡ್ಕೊಂಡು ಕೂತು ಓದು.

ನಾನು ಮಾಡೋ ಕೆಲಸ ಏನು ಅಂತ ನಿನಗೆ ಇಪ್ಪತ್ತಮೂರು ವರ್ಷದಿಂದ ಗೊತ್ತಿಲ್ಲ. "ನಮ್ಮಕ್ಕ ಆಸ್ಪತ್ರೆ ಸಾಮಾನಿನ ಕಂಪನೀಲಿ ಏನೋ ಬರೀತಾಳೆ" ಅಂತ ಎಲ್ಲರ ಹತ್ರ ಹೇಳ್ತೀಯಂತೆ. ಸರಿಯಾಗೇ ಹೇಳಿದ್ದೀಯ, ಬರೆಯೋದೇ ನನ್ನ ಕೆಲಸ. ಒಂದು ಯಂತ್ರ ಮಾಡೋಕೆ ಮುಂಚೆ ಅದು ಏನೇನು ಮಾಡಬೇಕು ಅಂತ ಬರೀಬೇಕು. ಹೇಗೆ ಮಾಡಬೇಕು ಅಂತಲ್ಲ, ಅದು ಇಂಜಿನಿಯರುಗಳ ತಲೆನೋವು. ಏನು ಮಾಡಬೇಕು ಅಂತ ಅಷ್ಟೇ. ಆಫೀಸಿನಲ್ಲಿ ಇದನ್ನ ರಿಕ್ವೈರ್‌ಮೆಂಟು ಅಂತೀವಿ. ಒಂದು ವಾಕ್ಯಕ್ಕೆ ಒಂದೇ ಕೆಲಸ, ಕೊನೇಲಿ ಒಂದೇ ಒಂದು "ತಕ್ಕದ್ದು". ಅಳೆಯೋಕೆ ಬರಬೇಕು. ಬೇಗ, ಮೆತ್ತಗೆ, ಚೆನ್ನಾಗಿ, ಈ ಮೂರು ಮಾತು ನಮ್ಮಲ್ಲಿ ಯಾರಾದರೂ ಬರೆದರೆ ನಾನು ಕೆಂಪು ಪೆನ್ನು ತಗೊಂಡು ಅವರ ಜನ್ಮ ಜಾಲಾಡ್ತೀನಿ. ಬೇಗ ಅಂದ್ರೆ ಎಷ್ಟು ಸೆಕೆಂಡು? ಮೆತ್ತಗೆ ಅಂದ್ರೆ ಯಾರ ಮೈಗೆ? ಇನ್ನೊಂದು ನಿಯಮ, ಪ್ರತಿ ವಾಕ್ಯದ ಮುಂದೆ ಅದು ಯಾರ ಬಾಯಿಂದ ಬಂತು ಅಂತ ಬರೀಬೇಕು. ಅವರನ್ನ ಮೂಲ ಅಂತ ಕರೀತೀವಿ. ಹೆಸರು ಹಾಕಲ್ಲ, ಮೂಲ ಒಂದು, ಮೂಲ ಎರಡು ಅಂತ ನಂಬರು. ಯಾರ ಬಾಯಿಂದಲೂ ಬರದೆ ನಮ್ಮ ತಲೆಯಲ್ಲೇ ಹುಟ್ಟಿದ ವಾಕ್ಯವನ್ನ ಅನಾಥ ಅಂತ ಕಿತ್ತು ಬಿಸಾಕ್ತೀವಿ.

ಹೋದ ವರ್ಷದ ಕೊನೇಲಿ ಒಂದು ಕುರ್ಚಿಯ ಕೆಲಸ ಬಂತು. ಮಂಡಿ ಹೋದ ವಯಸ್ಸಾದವರನ್ನ ತಾನಾಗೇ ಎಬ್ಬಿಸಿ ನಿಲ್ಲಿಸೋ ಕುರ್ಚಿ. ಎಪ್ಪತ್ತು ದಾಟಿದ ಹತ್ತು ಜನರನ್ನ ಹುಡುಕಿ, ಅವರ ಮನೆಗೇ ಹೋಗಿ ಮಾತಾಡಿಸಬೇಕಿತ್ತು. ಒಂಬತ್ತು ಜನ ಸಿಕ್ಕಿದರು. ಹತ್ತನೆಯ ಅಜ್ಜ ಕೊನೇ ಗಳಿಗೇಲಿ ಆಗಲ್ಲ ಅಂತ ಕೈ ಎತ್ತಿದ. ನಾನೇ ಅಂದೆ, "ನಮ್ಮಮ್ಮ ಇದ್ದಾಳಲ್ಲ, ಎಪ್ಪತ್ತನಾಲ್ಕು, ಎರಡೂ ಮಂಡಿ ಮುಷ್ಕರ ಹೂಡಿವೆ, ಬಾಯಿ ಮಾತ್ರ ಚೆನ್ನಾಗಿದೆ." ಎಲ್ಲರೂ ನಕ್ಕರು. ಸ್ವಂತದವರನ್ನ ನಾವೇ ಪ್ರಶ್ನೆ ಮಾಡೋ ಹಾಗಿಲ್ಲ, ಅದೂ ನಿಯಮ. ಹಾಗಾಗಿ ನನ್ನ ಕೈಕೆಳಗಿನವಳನ್ನ ಕಳಿಸಿದೆ. ನಾವು ಅವಳನ್ನ ಮೌನಗೌರಿ ಅಂತೀವಿ. ಮೂವತ್ತೈದು ದಾಟಿದೆ, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಅದಕ್ಕೇ ಅವಳ ಮುಂದೆ ಎದುರಿನವರು ಆಡ್ತಾರೆ.

ಅವಳಿಗೆ ಕೆಲಸ ಕಲಿಸಿದವಳೂ ನಾನೇ. "ಏನು ಬೇಕು ಅಂತ ಕೇಳು. ಹೇಳಿದ ಮೇಲೆ ಯಾಕೆ ಅನ್ನು. ಅದಕ್ಕೂ ಉತ್ತರ ಬಂದ ಮೇಲೆ ಮತ್ತೆ ಯಾಕೆ ಅನ್ನು. ಐದು ಸಲ. ಮೊದಲನೇ ಉತ್ತರ ಮರ್ಯಾದೆಗೆ ಕೊಡೋದು, ಎರಡನೇದು ಯಾರೋ ಹೇಳಿಕೊಟ್ಟಿದ್ದು, ಐದನೇದು ಅವರದ್ದು. ನಡುವೆ ಅವರು ಸುಮ್ಮನಾದರೆ ನೀನು ಬಾಯಿ ಹಾಕಬೇಡ, ಮನಸ್ಸಿನಲ್ಲೇ ಹತ್ತು ಎಣಿಸು." ಹೀಗಂತ ಹೇಳಿಕೊಟ್ಟಿದ್ದೆ. ಮಾಡಿದ್ದುಣ್ಣೋ ಮಹಾರಾಯ.

ಮೌನಗೌರಿ ಒಂದು ಮಂಗಳವಾರ ಬೆಳಗ್ಗೆ ನಾನು ಆಫೀಸಿನಲ್ಲಿದ್ದಾಗ ಮನೆಗೆ ಹೋಗಿ ಬಂದಳು. ಅಮ್ಮ ಆ ಸಂಜೆ ಬಹಳ ಗೆಲುವಾಗಿದ್ದಳು. "ಒಳ್ಳೇ ಹುಡುಗಿ ಕಣೇ, ಎಷ್ಟು ತಾಳ್ಮೆಯಿಂದ ಕೇಳಿಸ್ಕೋತಾಳೆ" ಅಂದಳು. ನಾನು ತರಕಾರಿ ಹೆಚ್ಚುತ್ತಾ ಹೂಂ ಅಂದೆ.

ಮುಂದಿನ ವಾರ ಮೀಟಿಂಗು. ಹದಿನಾಲ್ಕು ಜನ. ಮೌನಗೌರಿ ಒಬ್ಬೊಬ್ಬ ಮೂಲದ ಮಾತನ್ನೂ ಓದಬೇಕು, ಚರ್ಚೆ ಆದ ಮೇಲೆ ನಾನು ಅದನ್ನ ವಾಕ್ಯ ಮಾಡಿ ಎಲ್ಲರಿಗೂ ಕಾಣೋ ಹಾಗೆ ಗೋಡೆಯ ಪರದೆ ಮೇಲೆ ಟೈಪ್ ಮಾಡಬೇಕು. ಒಂಬತ್ತು ಮುಗೀತು. ಹತ್ತನೇದಕ್ಕೆ ಅವಳು ತಡವರಿಸಿದಳು. "ಇದನ್ನ ಆಮೇಲೆ ನೋಡೋಣವಾ ಮೇಡಂ?" ಅಂತ ನನ್ನ ಕಡೆ ನೋಡಿದಳು. ನಮ್ಮ ಸಾಹೇಬರು, "ಯಾಕಮ್ಮ, ಓದಿ ಮುಗಿಸು, ಊಟದ ಹೊತ್ತಾಯ್ತು" ಅಂದರು. ನಾನೂ ಓದು ಅಂದೆ. ನನಗೇನು ಗೊತ್ತು ಪಿಟೀಲು. ಅಮ್ಮ ಮಂಡಿ ಪುರಾಣ ಹೇಳಿರ್ತಾಳೆ ಅಂದ್ಕೊಂಡಿದ್ದೆ.

ನನಗೆ ಒಂದು ಅಕ್ಷರ ಬಿಡದೆ ಬಾಯಿಪಾಠ ಆಗಿದೆ, ಬರೀತೀನಿ ಕೇಳು.

"ತಾನಾಗೇ ಎಬ್ಬಿಸೋ ಕುರ್ಚಿ ಯಾಕೆ ಬೇಕು?"

"ಯಾರನ್ನೂ ಕೂಗಬಾರದು ನೋಡಮ್ಮ, ಅದಕ್ಕೆ."

"ಯಾಕೆ ಕೂಗಬಾರದು?"

"ಕೂಗಿದರೆ ದೊಡ್ಡ ಮಗಳು ಬರ್ತಾಳೆ. ತಕ್ಷಣ ಬರ್ತಾಳೆ, ಒಂದು ದಿನಾನೂ ತಡ ಮಾಡಿಲ್ಲ."

"ತಕ್ಷಣ ಬರ್ತಾರೆ ಅಂದ ಮೇಲೆ ಯಾಕೆ ಬೇಡ?"

"ಎತ್ತುವಾಗ ಉಸ್ಸಪ್ಪಾ ಅಂತಾಳೆ. ದಿನಕ್ಕೆ ಒಂಬತ್ತು ಸಲ ಏಳ್ತಿದ್ದೆ, ಒಂಬತ್ತು ಸಲ ಉಸ್ಸಪ್ಪಾ. ನಾನೀಗ ನಾಲ್ಕು ಗಂಟೆ ಮೇಲೆ ನೀರು ಕುಡಿಯಲ್ಲ. ಏಳೋದು ಆರು ಸಲಕ್ಕೆ ಇಳಿದಿದೆ."

"ಆ ಒಂದು ಉಸಿರಿಗೆ ಯಾಕೆ ಇಷ್ಟು ಬೇಜಾರು?"

"ಅವಳು ಎಲ್ಲ ಸರಿಯಾಗಿ ಮಾಡ್ತಾಳೆ. ಔಷಧಿ, ಊಟ, ಹಾಸಿಗೆ, ಒಂದೂ ತಪ್ಪಿಲ್ಲ. ಮಾಡಿ ಎದ್ದು ಹೋಗ್ತಾಳೆ. ಆರು ವರ್ಷದಲ್ಲಿ ಕೆಲಸ ಇಲ್ಲದೆ ನನ್ನ ಹತ್ರ ಕೂತಿದ್ದು ನನಗೆ ನೆನಪಿಲ್ಲ."

"ಅವರಿಗೆ ಇದನ್ನ ಯಾಕೆ ಹೇಳಲಿಲ್ಲ?"

ಇಲ್ಲಿ ಮೌನಗೌರಿ ಹತ್ತು ಎಣಿಸಿರಬೇಕು. ಕಾಗದದಲ್ಲಿ ಚುಕ್ಕಿ ಹಾಕಿದ್ದಳು. ಆಮೇಲೆ ಅಮ್ಮನ ಉತ್ತರ. "ಭಯ ಕಣಮ್ಮ."

ಹದಿನಾಲ್ಕು ಜನರಲ್ಲಿ ಅವತ್ತು ಹತ್ತನೆಯ ಮೂಲ ನನ್ನ ತಾಯಿ ಅಂತ ಎಷ್ಟು ಜನಕ್ಕೆ ನೆನಪಿತ್ತೋ. ನಾನೇ ನಗಿಸುತ್ತಾ ಹೇಳಿದ್ದೆನಲ್ಲ. ಇಬ್ಬರು ಮೂವರು ತಲೆ ತಗ್ಗಿಸಿದರು, ಉಳಿದವರು ಗಡಿಯಾರ ನೋಡಿದರು. ಸಾಹೇಬರು ಮಾತ್ರ ಕುರ್ಚಿಯಿಂದ ಮುಂದೆ ಬಾಗಿ, "ಅಬ್ಬಾ! ಈ ಹತ್ತನೆಯ ಮೂಲ ಬಂಗಾರ ಕಣ್ರೀ. ನೀರು ಕುಡಿಯೋದು ಬಿಡ್ತಾರೆ ಅಂತ ನಮಗೆ ಹೊಳೆದೇ ಇರಲಿಲ್ಲ. ಬರೀರಿ, ಬರೀರಿ" ಅಂದರು. ಪರೀಕ್ಷೆ ವಿಭಾಗದವನು, "ಭಯವನ್ನ ನಾನು ಯಾವ ಮೀಟರಿನಲ್ಲಿ ಅಳೀಲಿ ಸಾರ್? ಅದನ್ನ ತೆಗೀರಿ" ಅಂದ. ನಾನು ತೆಗೆದೆ. "ಕುರ್ಚಿಯು ಕುಳಿತ ವ್ಯಕ್ತಿಯನ್ನು ಮತ್ತೊಬ್ಬರ ನೆರವಿಲ್ಲದೆ ನಲವತ್ತು ಸೆಕೆಂಡಿನೊಳಗೆ ಎಬ್ಬಿಸತಕ್ಕದ್ದು" ಅಂತ ಟೈಪ್ ಮಾಡಿ ಮುಂದೆ "ಮೂಲ ಹತ್ತು" ಅಂತ ಹಾಕಿದೆ. ಇಡೀ ಪಟ್ಟಿಯಲ್ಲಿ ಅದಕ್ಕಿಂತ ಅಚ್ಚುಕಟ್ಟಾದ ವಾಕ್ಯ ಇನ್ನೊಂದಿಲ್ಲ.

ಪರೀಕ್ಷೆಯವನು ಮತ್ತೆ ಬಾಯಿ ಹಾಕಿದ. "ಈಗ ನೆರವಿಲ್ಲದೆ ಏಳೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಗೊತ್ತಾಗಬೇಕಲ್ಲ ಮೇಡಂ. ಅದು ತಿಳೀದೆ ಕುರ್ಚಿಯಿಂದ ಉಪಯೋಗ ಆಯ್ತು ಅಂತ ಹೇಗೆ ತೋರಿಸೋದು?" ಉಳಿದ ಒಂಬತ್ತು ಜನರನ್ನ ಮೌನಗೌರಿ ಎರಡೆರಡು ಸಲ ಅಳೆದು ಬರಲಿ ಅಂತ ತೀರ್ಮಾನ ಆಯ್ತು. "ಹತ್ತನೆಯವರನ್ನ ನಾನು ಅಳೀತೀನಿ" ಅಂದೆ. ಅದಕ್ಕೆ ಯಾವ ನಿಯಮವೂ ಅಡ್ಡ ಬರಲಿಲ್ಲ, ಪ್ರಶ್ನೆ ಕೇಳೋದಕ್ಕೆ ಮಾತ್ರ ತಡೆ ಇರೋದು. ಮನೆಗೆ ಬರೋ ದಾರಿಯಲ್ಲಿ ಆಟದ ಸಾಮಾನಿನ ಅಂಗಡೀಲಿ ಒಂದು ಸ್ಟಾಪ್‌ವಾಚ್ ಕೊಂಡೆ.

ನನ್ನ ಹೊಟ್ಟೆ ಎಷ್ಟು ಉರೀತಿತ್ತು ಅಂತ ನಿನಗೆ ಗೊತ್ತಾಗಲ್ಲ. ನೀನು ಆರು ವರ್ಷ ಮಾಡಿದ್ದೇನು? ವಾರಕ್ಕೊಂದು ಸಲ ಫೋನಿನಲ್ಲಿ "ಅಮ್ಮಾ, ಊಟ ಆಯ್ತಾ, ನಿದ್ದೆ ಬಂತಾ" ಅಂತ ಜೇನು ಸುರಿಸಿದ್ದು. ಅಮ್ಮ ಫೋನಿಟ್ಟು ಒಂದು ಗಂಟೆ ಮುಖ ಅರಳಿಸ್ಕೊಂಡು ಕೂತಿರ್ತಿದ್ದಳು. ದೂರದ ಬೆಟ್ಟ ನುಣ್ಣಗೆ. ಉಚ್ಚೆ ಬಟ್ಟೆ ಒಗೆದವಳು ನಾನು, ನನ್ನ ಕಂಡರೆ ಭಯ! ಅದನ್ನ ಯಾರೋ ಊರವಳ ಮುಂದೆ ಹೇಳಿ, ಅವಳು ಹದಿನಾಲ್ಕು ಜನರ ಮುಂದೆ ಓದಿ, ನಾನೇ ಅದನ್ನ ಟೈಪ್ ಮಾಡಿ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ಹಾಗಾಯ್ತು ನನ್ನ ಬಾಳು.

ಮನೆಗೆ ಬಂದು ಅಮ್ಮನಿಗೆ ಮೀಟಿಂಗಿನ ಸುದ್ದಿ ಹೇಳಲಿಲ್ಲ. ಬೈಯಲಿಲ್ಲ, ಕೂಗಾಡಲಿಲ್ಲ. ಒಂದು ಲೀಟರಿನ ಬಾಟಲಿ ತಗೊಂಡು ಅದರ ಮೇಲೆ ಪೆನ್ನಿನಿಂದ ಗೆರೆ ಎಳೆದೆ. ಹತ್ತು ಗಂಟೆಗೆ ಇಲ್ಲಿವರೆಗೆ, ಎರಡಕ್ಕೆ ಇಲ್ಲಿವರೆಗೆ, ನಾಲ್ಕಕ್ಕೆ ಇಷ್ಟು, ಆರಕ್ಕೆ ಖಾಲಿ. ಅದನ್ನ ಅವಳ ಪಕ್ಕ ಇಟ್ಟೆ. "ನಾಳೆಯಿಂದ ಗೆರೆ ನೋಡ್ಕೊಂಡು ಕುಡೀಬೇಕು. ಇನ್ನೊಂದು ವಿಷಯ, ಇನ್ಮೇಲೆ ನಾನು ನಿನ್ನ ಎತ್ತಲ್ಲ. ಆಫೀಸಿನ ಕೆಲಸ, ನೀನು ಒಬ್ಬಳೇ ಏಳೋಕೆ ಎಷ್ಟು ಹೊತ್ತು ಬೇಕು ಅಂತ ಅಳೀಬೇಕು" ಅಂದೆ. ಅವಳು ಬಾಟಲಿ ನೋಡಿದಳು, ನನ್ನ ನೋಡಿದಳು. "ಆಯ್ತು" ಅಂದಳು.

ನಾನು ಮನೇಲಿ ಇರದ ಹೊತ್ತಿನಲ್ಲಿ ನಿಮ್ಮ ಭಾವ ಎತ್ತಬಹುದಿತ್ತು. ಅವರಿಗೂ ಹೇಳಿಬಿಟ್ಟೆ, ನೀವು ಕೈ ಹಾಕಿದರೆ ಅಳತೆ ಕೆಡುತ್ತೆ ಅಂತ. "ಇದೇನು ಹುಚ್ಚಾಟ, ಮುದುಕೀನ ಅಳೀತಾರಾ ಯಾರಾದರೂ?" ಅಂದರು. "ಅವಳೇ ಕೇಳಿದ್ದು, ಬರವಣಿಗೆಯಲ್ಲಿದೆ" ಅಂದೆ. ಅವರಿಗೆ ಅರ್ಥ ಆಗಲಿಲ್ಲ, ಅರ್ಥ ಮಾಡಿಸೋ ಕೆಲಸ ನನಗೂ ಬೇಕಿರಲಿಲ್ಲ.

ಮೊದಲನೇ ದಿನ ಒಂದು ನಿಮಿಷ ಐವತ್ತೆರಡು ಸೆಕೆಂಡು. ಎರಡೂ ಕೈ ಕುರ್ಚಿ ಹಿಡಿಕೆ ಮೇಲೆ ಊರಿ, ಹಿಂದೆ ಮುಂದೆ ತೂಗಿ, ಅರ್ಧಕ್ಕೆ ಎದ್ದು, ಮತ್ತೆ ಕೂತು, ಮತ್ತೆ ಎದ್ದು. ನಾನು ಎರಡು ಅಡಿ ದೂರದಲ್ಲಿ ನಿಂತಿದ್ದೆ. ಕೈ ಚಾಚಿದರೆ ಸಿಗೋ ಅಷ್ಟು ದೂರ. ಒಂದು ಹಾಳೆಯಲ್ಲಿ ಗೆರೆ ಹಾಕಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಬೆಳಗ್ಗೆ ಮೂರು, ಸಂಜೆ ಮೂರು. ಬೇರೆಯವರದ್ದೆಲ್ಲ ಎರಡೆರಡು ಅಳತೆ, ಅಮ್ಮನದ್ದು ಐವತ್ತರ ಹತ್ತಿರ ಬಂತು. ಉಸ್ಸಪ್ಪಾ ಅಂತ ಒಂದು ಸಲವೂ ಅನ್ನಲಿಲ್ಲ ನಾನು.

ಇನ್ನೊಂದು ಕೇಳು, ಇದನ್ನ ಓದಿ ನೀನು ಖಂಡಿತ ಅಳ್ತೀಯ. ನಾಲ್ಕನೇ ದಿನದ ಹೊತ್ತಿಗೆ ಅಮ್ಮ ತಾನೇ ಕೇಳೋಕೆ ಶುರು ಮಾಡಿದಳು, "ಇವತ್ತು ಎಷ್ಟಾಯ್ತು?" ಒಂದು ನಿಮಿಷ ನಲವತ್ತು ಅಂದೆ. "ನಿನ್ನೆಗಿಂತ ಕಮ್ಮಿ ಅಲ್ವಾ?" ಅಂತ ಮುಖ ಅರಳಿಸಿದಳು. ನಾನು ಆಫೀಸಿಗೆ ಹೋದ ಮೇಲೆ ಒಬ್ಬಳೇ ಎದ್ದು ಕೂತು ಅಭ್ಯಾಸ ಮಾಡ್ತಾಳೆ ಅಂತ ನಿಮ್ಮ ಭಾವ ಹೇಳಿದರು. ಏಳನೇ ದಿನ ಒಂದು ಇಪ್ಪತ್ತೆಂಟು. ನನ್ನ ಮೆಚ್ಚಿಸೋಕೆ ಮಾಡ್ತಿದ್ದಳು. ನನಗೆ ಅದು ಗೊತ್ತಿತ್ತು, ಆದರೂ "ಪರವಾಗಿಲ್ಲ" ಅಂತ ಒಂದು ಮಾತು ಹೇಳೋಕೆ ನಾಲಿಗೆ ಏಳಲಿಲ್ಲ. ಹೇಳಬೇಕು ಅಂತಲೂ ಅನ್ನಿಸಲಿಲ್ಲ, ನಿನ್ನ ಹತ್ರ ಯಾಕೆ ಸುಳ್ಳು ಹೇಳಲಿ?

ಒಂಬತ್ತನೇ ದಿನ ಶನಿವಾರ. ಸಂಜೆ ಆರರ ಗೆರೆಯವರೆಗೂ ನೀರು ಕುಡಿದಿದ್ದಳು, ಒಂದು ಗುಟುಕೂ ಬಿಟ್ಟಿರಲಿಲ್ಲ. ನಾನು ಸ್ಟಾಪ್‌ವಾಚ್ ಒತ್ತಿದೆ. ಅರ್ಧಕ್ಕೆ ಎದ್ದಳು, ಮೊಣಕೈ ನಡುಗಿತು, ಕೂತಳು. ಎರಡನೇ ಸಲವೂ ಹಾಗೇ. ಮಾಡಿದ ಅಭ್ಯಾಸಕ್ಕೆ ತೋಳೆಲ್ಲ ಸೋತುಹೋಗಿದ್ದವು ಅನ್ನಿಸುತ್ತೆ. ಮೂರನೇ ಸಲ ಮಧ್ಯದಲ್ಲೇ ನಿಂತು, "ಕೈ ಕೊಡೇ" ಅಂದಳು.

"ಕೈ ಕೊಟ್ಟರೆ ಅಳತೆ ಕೆಡುತ್ತಮ್ಮ" ಅಂದೆ.

"ತಡ್ಕೊಳ್ಳೋಕೆ ಆಗ್ತಿಲ್ಲ ಕಣೇ. ಇದೊಂದು ಸಲ."

ನಾನು ಕೈ ಕೊಡಲಿಲ್ಲ ಪಿಟೀಲು. ಗಡಿಯಾರ ನೋಡ್ತಾ ನಿಂತಿದ್ದೆ. ಅವಳು ಮತ್ತೆ ಕುಸಿದು ಕೂತಳು. ಸ್ವಲ್ಪ ಹೊತ್ತಿಗೆ ಸೀರೆ ಒದ್ದೆ ಆಯ್ತು, ಕುರ್ಚಿ ಒದ್ದೆ ಆಯ್ತು, ನೆಲಕ್ಕೆ ಹನಿ ಬೀಳೋ ಸದ್ದು ಕೇಳಿಸಿತು. ಅಮ್ಮ ಕೆಳಗೆ ನೋಡಲಿಲ್ಲ. ನನ್ನ ಕೈಯನ್ನೇ ನೋಡ್ತಾ, "ನಿಲ್ಲಿಸಿದ್ಯಾ ಅದನ್ನ?" ಅಂದಳು.

ನಿಲ್ಲಿಸಿರಲಿಲ್ಲ. ಇನ್ನೂ ಓಡ್ತಿತ್ತು. ಮೂರು ನಿಮಿಷ ಹತ್ತು ಸೆಕೆಂಡು.

ಸ್ನಾನಕ್ಕೆ ಹೋಗಿದ್ದ ನಿಮ್ಮ ಭಾವ ಆಗ ಹೊರಗೆ ಬಂದರು. ಟವೆಲ್ಲಿನಲ್ಲೇ ಓಡಿ ಬಂದು ಅವಳನ್ನ ಅನಾಮತ್ತು ಎತ್ತಿ ಒಳಗೆ ಕರ್ಕೊಂಡು ಹೋದರು. ಹೋಗ್ತಾ ನನ್ನ ಕಡೆ ತಿರುಗಿ, "ನಿನ್ನದೇನು ಎದೆಯಾ, ಕಲ್ಲಾ?" ಅಂದರು. ಸೀರೆ ಬದಲಾಯಿಸೋಕೆ ಪಕ್ಕದ ಮನೆಯವರನ್ನ ಕೂಗಿದರು, ನನ್ನನ್ನ ಕರೀಲಿಲ್ಲ. ನಾನು ನೆಲ ಒರೆಸಿದೆ. ಆಮೇಲೆ ಫ್ರಿಜ್ಜಿನ ಹತ್ರ ಹೋಗಿ ಆ ಹೊತ್ತಿನ ಚೌಕದಲ್ಲಿ "ಅಪೂರ್ಣ" ಅಂತ ಬರೆದೆ. ಖಾಲಿ ಬಿಡೋ ಹಾಗಿಲ್ಲ, ಯಾಕೆ ಬಿಟ್ಟೆ ಅಂತ ಪರೀಕ್ಷೆಯವನು ಕೇಳ್ತಾನೆ.

ಮಾರನೇ ದಿನ ಬೆಳಗ್ಗೆ ಅಮ್ಮ ನಿಮ್ಮ ಭಾವನ ಹತ್ರ, "ಚಿಕ್ಕವಳ ಮನೆಗೆ ಒಂದು ಟಿಕೆಟ್ ತೆಗೆಸಿಕೊಡಪ್ಪ" ಅಂದಳು. ಅವರೇ ನಿನ್ನ ಬಾಗಿಲವರೆಗೂ ಬಂದು ಬಿಟ್ಟು ಹೋಗಿದ್ದು ನಿನಗೆ ಗೊತ್ತಿದೆ. ನೀನು ಎಷ್ಟು ಕೆದಕಿದರೂ ಅವರು ಬಾಯಿಬಿಡಲಿಲ್ಲ ಅಂತ ಬರೆದಿದ್ದೀಯ. ಅಮ್ಮ ಹೇಳಬೇಡ ಅಂತ ಆಣೆ ಮಾಡಿಸ್ಕೊಂಡಿದ್ದಾಳೆ. ಮಗಳ ಮರ್ಯಾದೆ ಕಾಯೋದು ನೋಡು. ಹೆತ್ತವರಿಗೆ ಹೆಗ್ಗಣ ಮುದ್ದು.

ಮೊದಲನೇ ಪ್ರಶ್ನೆಗೆ ಉತ್ತರ ಮುಗೀತು. ಈಗ ನಿನಗೆ ನನ್ನ ಮೇಲೆ ಹೇಸಿಗೆ ಬಂದಿರಬೇಕು. ಬರಲಿ. ಆದರೆ ಒಂದು ಮಾತು ಹೇಳ್ತೀನಿ. ನಿನ್ನ ಮನೆಗೆ ಅವಳು ಬಂದು ಇನ್ನೂ ಏಳು ವಾರ. ಮೊದಲ ಏಳು ವಾರ ನಾನೂ ಹಾಡ್ತಾ ಎತ್ತುತ್ತಿದ್ದೆ. ಮೂರನೇ ವರ್ಷಕ್ಕೆ ನಿನ್ನ ಬಾಯಿಂದ ಏನು ಹೊರಡುತ್ತೆ ಅಂತ ಅವಳು ಯಾವತ್ತು ಯಾರ ಹತ್ರ ಹೇಳ್ತಾಳೋ, ಅವತ್ತು ನಿನಗೆ ಅಕ್ಕ ನೆನಪಾಗ್ತಾಳೆ. ನಿನ್ನ ಕಂಡರೆ ಭಯ ಅಂತ ಹೆತ್ತ ತಾಯಿ ಬೆನ್ನ ಹಿಂದೆ ಹೇಳಿದ್ದನ್ನ ಕಿವಿಯಾರೆ ಕೇಳಿಸ್ಕೊಂಡು, ಆಮೇಲೂ ಫೋನು ತಿರುಗಿಸಿ ಬಾ ಅಮ್ಮಾ ಅನ್ನೋಕೆ ನಾನೇನು ದೇವರಲ್ಲ. ಅದಕ್ಕೇ ಮಾಡಲ್ಲ ಅಂದಿದ್ದು.

ಕುರ್ಚಿ ತಯಾರಾಗಿದೆ. ಮೊದಲನೇ ಮಾದರಿ ಮೂವತ್ತೊಂದು ಸೆಕೆಂಡಿನಲ್ಲಿ ಎಬ್ಬಿಸ್ತು. ಸಾಹೇಬರು ಸಿಹಿ ಹಂಚಿದರು. ನಿನ್ನ ವಿಳಾಸಕ್ಕೆ ಒಂದು ಕಳಿಸೋಕೆ ಹೇಳಿದ್ದೀನಿ. ಬಲಗಡೆ ಹಸಿರು ಗುಂಡಿ ಏಳೋಕೆ, ಕೆಂಪು ಕೂರೋಕೆ. ಒತ್ತಿ ಹಿಡ್ಕೊಂಡೇ ಇರಬೇಕು, ಬಿಟ್ಟರೆ ಅಲ್ಲೇ ನಿಲ್ಲುತ್ತೆ, ಅಮ್ಮನಿಗೆ ಹೇಳಿಕೊಡು. ಎಡ ಕಿವಿಗೆ ಹನಿ ಹಾಕೋದು ಮರೀಬೇಡ. ಔಷಧಿ ಊಟಕ್ಕೆ ಮೊದಲು ಬಿಳಿದು, ಆಮೇಲೆ ಹಳದಿ. ಅವಳು ನುಂಗಿದ ಹಾಗೆ ಮಾಡಿ ನಾಲಿಗೆ ಕೆಳಗೆ ಇಟ್ಕೋತಾಳೆ, ಬಾಯಿ ತೆಗೆಸಿ ನೋಡು.

ನಿನ್ನ ಮಗಳಿಗೆ ನನ್ನ ಆಶೀರ್ವಾದ. ಪರೀಕ್ಷೆಗೆ ಓದು ಅಂತ ಪೀಡಿಸಬೇಡ, ನೀನು ಓದಿದ್ದು ನನಗೆ ಗೊತ್ತಿಲ್ಲವಾ? ನಿನ್ನ ಗಂಡನಿಗೆ ಕೇಳಿದೆ ಅಂತ ಹೇಳು. ನಿನ್ನ ಮನೆ ತಣ್ಣಗಿರಲಿ, ನಿನ್ನ ಕೈಗೆ ಸದಾ ಶಕ್ತಿ ಇರಲಿ.

ಇತಿ,
ನಿನ್ನ ಅಕ್ಕ

ಮರೆತ ಮಾತು: ಮರೆತಿದ್ದಲ್ಲ. ಮೇಲೆ ಬರೆಯೋಕೆ ಕೈ ಬರಲಿಲ್ಲ. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೀನಿ.

ಬೆನ್ನ ಹಿಂದೆ ಹೇಳಿದಳು ಅಂತ ಬರೆದೆನಲ್ಲ, ಅದು ಸುಳ್ಳು. ಯಾರನ್ನೇ ಮಾತಾಡಿಸೋಕೆ ಮುಂಚೆ ನಾವು ಒಂದು ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿಸ್ಕೋತೀವಿ. ನಿಮ್ಮ ಮಾತನ್ನ ಯಾರ್‍ಯಾರು ಕೇಳಬಹುದು ಅಂತ ಅದರಲ್ಲಿ ಒಂದು ಸಾಲು ಖಾಲಿ ಇರುತ್ತೆ. ಆ ಮೀಟಿಂಗು ಮುಗಿದ ಮೇಲೆ ಮೌನಗೌರಿ ಮೆಟ್ಟಿಲ ಹತ್ರ ನನ್ನ ಹಿಂದೆ ಓಡಿ ಬಂದು ಆ ಕಾಗದ ಕೈಗಿಟ್ಟಳು. "ನಿಮಗೇ ಕೊಡಬೇಕು ಅಂತ ಅಮ್ಮ ಹೇಳಿದ್ದರು ಮೇಡಂ. ಮೀಟಿಂಗಿಗೆ ಮುಂಚೆ ಕೊಡಬೇಕಿತ್ತು, ಧೈರ್ಯ ಬರಲಿಲ್ಲ" ಅಂದಳು. ಖಾಲಿ ಸಾಲಿನಲ್ಲಿ ಅಮ್ಮನ ಅಕ್ಷರ. "ದೊಡ್ಡವಳು ಕೇಳಲಿ. ಎದುರಿಗೆ ಹೇಳೋಕೆ ನನಗೆ ಬಾಯಿ ಬರಲ್ಲ. ಕೇಳಿದ ಮೇಲೆ ಸಿಟ್ಟು ಮಾಡ್ಕೊಳ್ಳದೆ ಒಂದು ಸಂಜೆ ನನ್ನ ಹತ್ರ ಕೂತ್ಕೊಳ್ಳಲಿ, ಸಾಕು."

ಮೆಟ್ಟಿಲ ಮೇಲೆ ನಿಂತು ಎರಡು ಸಲ ಓದಿದೆ. ಓದಿ, ಮಡಿಸಿ, ಚೀಲಕ್ಕೆ ಹಾಕ್ಕೊಂಡು, ಆಮೇಲೆ ಹೋಗಿ ಸ್ಟಾಪ್‌ವಾಚ್ ಕೊಂಡಿದ್ದು. ಒಂಬತ್ತು ದಿನವೂ ಗೊತ್ತಿದ್ದೇ ಮಾಡಿದ್ದು ಪಿಟೀಲು. ಯಾಕೆ ಅಂತ ನನ್ನನ್ನ ಐದು ಸಲ ಅಲ್ಲ, ಐವತ್ತು ಸಲ ಕೇಳು, ನನಗೆ ಗೊತ್ತಿಲ್ಲ.

ಅಮ್ಮ ಹೊರಟ ದಿನ ನಿಲ್ದಾಣಕ್ಕೆ ಹೋಗೋ ಕಾರಿನಲ್ಲಿ ಕೂತ ಮೇಲೆ ಕಿಟಕಿ ಇಳಿಸಿ ಕೇಳಿದಳು, "ಆ ಹುಡುಗಿ ನಿನಗೆ ಒಂದು ಕಾಗದ ಕೊಡಲಿಲ್ವೇನೇ?"

"ಯಾವ ಕಾಗದ?" ಅಂದೆ.

"ಏನಿಲ್ಲ ಬಿಡು" ಅಂದಳು. ಅವಳ ಮುಖ ಎಷ್ಟು ಹಗುರಾಯ್ತು ಗೊತ್ತಾ. ಪಾಪ, ಇವಳಿಗೆ ತಲುಪೇ ಇಲ್ಲ, ತಿಳೀದೆ ಮಾಡಿದ್ದಾಳೆ ಅಂದ್ಕೊಂಡಳು. ಕೈ ಹೊರಗೆ ಚಾಚಿ ನನ್ನ ಕೆನ್ನೆ ಮುಟ್ಟಿ ಹೋದಳು.

ಈಗ ನಾನು ಫೋನ್ ಮಾಡಿದರೆ ಅವಳು ಮತ್ತೆ ಅದನ್ನೇ ಕೇಳ್ತಾಳೆ. ಇನ್ನೊಂದು ಸಲ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ, ನಿಜ ಹೇಳಿದರೆ ಅವಳು ಉಳಿಯಲ್ಲ. ನಿನ್ನ ಹತ್ರ ಕೇಳಿದರೆ, ಆ ಹುಡುಗಿ ಕಾಗದ ಕೊಡೋದೇ ಮರೆತಳಂತೆ ಅಂತ ಹೇಳು.